ಸಖೀ ಸಮಿತಿಯ ನಾಟಕವೂ ನಮ್ಮ ವಿದ್ಯಾನಿಧಿಯೂ

ದುರ್ಗಾಪೂಜೆಯ ಚಪ್ಪರಗಳನ್ನು ಬಿಚ್ಚಿ ಬಿದಿರುಗಳಗಳನ್ನು ಲಾರಿಗೆ ಹೇರುವ ಹೊತ್ತಿಗೆ ಸಂಘದ ಮಹಿಳಾ ವಿಭಾಗದ ನಮ್ಮ ಪಾಲಿಗೆ ಪ್ರತಿ ವರ್ಷವೂ ಒಂದು ಕೆಲಸ ಕಾದಿರುತ್ತದೆ. ನಮ್ಮ ಮನೆಗಳ ಹುಡುಗಿಯರನ್ನು ಒಂದೆಡೆ ಕೂಡಿಸಿ ಹಾಡು, ಕುಣಿತ, ರೂಪಕ ಎಲ್ಲ ಸೇರಿದ ಒಂದು ಕಾರ್ಯಕ್ರಮವನ್ನು ಸಿದ್ಧಪಡಿಸುವುದು. ಅದರ ಟಿಕೆಟ್ಟಿನಿಂದಲೂ ಸ್ಮರಣಸಂಚಿಕೆಯ ಜಾಹೀರಾತಿನಿಂದಲೂ ಬಂದ ಹಣವನ್ನು ಹೆಣ್ಣುಮಕ್ಕಳ ವಿದ್ಯಾನಿಧಿಗೆ ಜಮಾ ಮಾಡುವುದು. ಆಮಂತ್ರಣ ಪತ್ರಿಕೆಯಲ್ಲಿ ಇದಕ್ಕೆ 'ನಿರ್ದೇಶನ' ಎಂಬ ಭಾರಿ ಹೆಸರು ಅಚ್ಚಾಗುತ್ತದೆ. ನಿಜದಲ್ಲಿ ಅದು ಯಾವ ಹುಡುಗಿಗೆ ಯಾವ ದಿನ ಟ್ಯೂಷನ್, ಯಾರನ್ನು ಯಾರು ಮನೆ ಮುಟ್ಟಿಸಬೇಕು, ಯಾರ ಮನೆಯ ಮೈಸೂರು ಸಿಲ್ಕ್ ಯಾರ ಮೈಗೆ ಒಪ್ಪೀತು ಎಂಬ ಲೆಕ್ಕಾಚಾರವೇ ಹೆಚ್ಚು.

ಹೋದ ಸಲ ತಾಲೀಮು ನಡೆಯುತ್ತಿದ್ದಾಗ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: "ಅಲ್ರೀ, ದುಡ್ಡೇ ಬೇಕಾದರೆ ಮನೆಗಿಷ್ಟು ಅಂತ ಹಾಕಿ ಕೊಟ್ಟುಬಿಡೋಣ. ಅದಕ್ಕೋಸ್ಕರ ಓದೋ ಮಕ್ಕಳನ್ನ ತಿಂಗಳುಗಟ್ಟಲೆ ಕುಣಿಸಬೇಕೆ?" ಆ ದನಿಯಲ್ಲಿ ಕೋಪವಿರಲಿಲ್ಲ, ನ್ಯಾಯವಿತ್ತು. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ವೇಷಭೂಷಣ, ತಿಂಡಿ-ಕಾಫಿ ಎಲ್ಲ ಕಳೆದ ಮೇಲೆ ನಿಧಿಗೆ ಉಳಿಯುವ ಮೊತ್ತವನ್ನು ನೋಡಿದರಂತೂ ಆ ಪ್ರಶ್ನೆಯ ಮುಳ್ಳು ಇನ್ನೂ ಆಳಕ್ಕೆ ಇಳಿಯುತ್ತದೆ. ನಮಗೆ ಆಗ ಉತ್ತರ ಹೊಳೆಯಲಿಲ್ಲ. "ಮಕ್ಕಳಿಗೂ ಒಂದು ಸಂತೋಷ, ಅಲ್ವೇ?" ಎಂದು ನಕ್ಕು ತಪ್ಪಿಸಿಕೊಂಡೆವು.

ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರವನ್ನು ಹುಡುಕುತ್ತ ಹೊರಟ ನಮಗೆ ದೂರ ಹೋಗಬೇಕಾಗಲಿಲ್ಲ. ಹೆಣ್ಣುಮಕ್ಕಳ ವಿದ್ಯೆಗಾಗಿ ಹೆಣ್ಣುಮಕ್ಕಳೇ ರಂಗವೇರುವ ಪದ್ಧತಿ ನಮ್ಮ ಸಂಘ ಕಂಡುಹಿಡಿದದ್ದಲ್ಲ. ಅದು ಈ ಊರಿನಲ್ಲಿಯೇ, ಹೇದುವಾ ಕೆರೆಯ ಎದುರಿಗಿರುವ ಬೆಥೂನ್ ಕಾಲೇಜಿನ ಆವರಣದಲ್ಲಿ, 1888ರಷ್ಟು ಹಿಂದೆಯೇ ನಡೆದಿತ್ತು. ಆ ಕತೆಯ ಒಂದು ಎಳೆ ಮೈಸೂರಿನವರೆಗೂ ಹೋಗಿ ಬಂದಿದೆ. ಕಲ್ಕತ್ತೆಯ ಕನ್ನಡಿಗರಾದ ನಾವು ಅದನ್ನು ತಿಳಿದಿರುವುದು ಒಳ್ಳೆಯದು.

ಪಲ್ಲಕ್ಕಿಯ ಕಾಲ, ರಂಗದ ಕಳಂಕ

ಆ ಕಾಲದ ಕಲ್ಕತ್ತೆಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಬೆಥೂನ್ ಶಾಲೆ ಪ್ರಾರಂಭವಾದದ್ದು 1849ರಲ್ಲಿ. ಸ್ಥಾಪಿಸಿದವರು ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್. ಅದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಈಶ್ವರಚಂದ್ರ ವಿದ್ಯಾಸಾಗರರೂ ಒಬ್ಬರು. ಮರ್ಯಾದಸ್ಥರ ಮನೆಯ ಹುಡುಗಿ ಬೀದಿಯಲ್ಲಿ ನಡೆದು ಶಾಲೆಗೆ ಹೋಗುವಂತಿರಲಿಲ್ಲವಾದ್ದರಿಂದ ಶಾಲೆಯೇ ಗಾಡಿ ಕಳುಹಿಸುತ್ತಿತ್ತು. ಮಗಳನ್ನೂ ಮಗನಂತೆಯೇ ಜತನದಿಂದ ಸಾಕಿ ಓದಿಸಬೇಕೆಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಆ ಗಾಡಿಯ ಮೇಲೆ ಬರೆಯಿಸಿದ್ದರು. ಶಾಸ್ತ್ರವನ್ನು ಮುಂದೊಡ್ಡಿ ಕೇಳುವವರ ಬಾಯಿಯನ್ನು ಶಾಸ್ತ್ರದಿಂದಲೇ ಕಟ್ಟುವ ಉಪಾಯವದು.

ಮೂವತ್ತು ವರ್ಷಗಳ ತರುವಾಯ ಅಲ್ಲಿ ಕಾಲೇಜು ತರಗತಿಗಳು ಬಂದವು. 1883ರಲ್ಲಿ ಕಾದಂಬಿನಿ ಬಸು, ಚಂದ್ರಮುಖಿ ಬಸು ಎಂಬಿಬ್ಬರು ಬಿ.ಎ. ಪದವಿ ಪಡೆದರು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಮಾತ್ರವಲ್ಲ, ಇಡೀ ದೇಶದಲ್ಲಿಯೇ ಅವರು ಮೊದಲ ಮಹಿಳಾ ಪದವೀಧರೆಯರು. ಮದುವೆಯಾಗಿ ಕಾದಂಬಿನಿ ಗಂಗೂಲಿಯಾದ ಆಕೆ ವೈದ್ಯಕೀಯ ಕಾಲೇಜಿಗೆ ಸೇರಿದಾಗ ಸರ್ಕಾರ ತಿಂಗಳಿಗೆ 20 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟಿತು. ಚಂದ್ರಮುಖಿ 1888ರಲ್ಲಿ ಬೆಥೂನ್ ಕಾಲೇಜಿನ ಪ್ರಾಂಶುಪಾಲೆಯಾದರು. ಆದರೆ ಇವರು ಬೆರಳಲ್ಲಿ ಎಣಿಸುವಷ್ಟು ಮಂದಿ. ಎಳೆಯ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡವರು, ತಂದೆತಾಯಿಗಳಿಲ್ಲದ ಹುಡುಗಿಯರು ಇವರನ್ನು ಓದಿಸುವವರು ಯಾರು?

ಒಂದು ಕಡೆ ಹೀಗೆ ವಿದ್ಯೆಯ ಬಾಗಿಲು ತೆರೆಯುತ್ತಿದ್ದರೆ, ಇನ್ನೊಂದು ಕಡೆ ರಂಗಭೂಮಿಯ ಬಾಗಿಲು ಕುಲೀನ ಸ್ತ್ರೀಯರಿಗೆ ಭದ್ರವಾಗಿ ಮುಚ್ಚಿತ್ತು. 1873ರಲ್ಲಿ ಬೆಂಗಾಲ್ ಥಿಯೇಟರಿನವರು ಹೆಣ್ಣು ಪಾತ್ರಗಳಿಗೆ ಹೆಂಗಸರನ್ನೇ ತಂದರು. ಆದರೆ ಬಂದವರೆಲ್ಲ ಸಮಾಜ ಹೊರಗಿಟ್ಟ ಓಣಿಗಳಿಂದ ಬಂದವರು. ಅವರಲ್ಲಿ ಬಿನೋದಿನಿ ದಾಸಿಯಂಥ ಮಹಾಪ್ರತಿಭೆಯ ನಟಿಯರಿದ್ದರು. ಜನ ಅವರ ಅಭಿನಯಕ್ಕೆ ಚಪ್ಪಾಳೆ ತಟ್ಟಿದರೇ ಹೊರತು ಅವರನ್ನು ಮನೆಯ ಹೊಸಿಲು ದಾಟಿಸಲಿಲ್ಲ. ಹೆಣ್ಣು ರಂಗದ ಮೇಲೆ ನಿಂತಳೆಂದರೆ ಅವಳು ಇಂಥವಳೇ ಎಂದು ಊರು ತೀರ್ಮಾನಿಸುತ್ತಿದ್ದ ಕಾಲ. ನಮ್ಮ ಕಡೆಯೂ ಬೇರೆಯೇನಿರಲಿಲ್ಲ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಎನಿಸಿದರು. ಆದರೆ ಆ ಶಕುಂತಲೆ ಸೀರೆಯುಟ್ಟ ಗಂಡಸೇ.

ಸಖೀ ಸಮಿತಿ

ಇಂಥ ಹೊತ್ತಿನಲ್ಲಿ, 1886ರಲ್ಲಿ, ಸ್ವರ್ಣಕುಮಾರಿ ದೇವಿಯವರು ಸಖೀ ಸಮಿತಿಯನ್ನು ಕಟ್ಟಿದರು. ಮಹರ್ಷಿ ದೇವೇಂದ್ರನಾಥ ಠಾಕೂರರ ಮಗಳು, ಕವಿ ರವೀಂದ್ರರ ಅಕ್ಕ, ಸ್ವತಃ ಕಾದಂಬರಿಕಾರ್ತಿ, 'ಭಾರತಿ' ಮಾಸಪತ್ರಿಕೆಯ ಸಂಪಾದಕಿ. ಸಮಿತಿಗೆ 'ಸಖೀ' ಎಂಬ ಹೆಸರನ್ನು ಸೂಚಿಸಿದವರು ತಮ್ಮ ರವೀಂದ್ರರೇ. ಅನಾಥ ಹುಡುಗಿಯರಿಗೂ ವಿಧವೆಯರಿಗೂ ನೆರವಾಗುವುದು ಅದರ ಉದ್ದೇಶ. ಯಾರೂ ದಿಕ್ಕಿಲ್ಲದವರ ಪೂರ್ತಿ ಹೊಣೆಯನ್ನು ಸಮಿತಿಯೇ ಹೊರುವುದು. ದಿಕ್ಕಿದ್ದೂ ಕೈಯಲ್ಲಿ ಕಾಸಿಲ್ಲದವರಿಗೆ ಬೇಕಾದಷ್ಟು ಸಹಾಯ ಮಾಡುವುದು. ಇಷ್ಟಕ್ಕೇ ನಿಂತಿದ್ದರೆ ಅದೂ ಒಂದು ದಾನಧರ್ಮದ ಸಂಸ್ಥೆ ಎನಿಸುತ್ತಿತ್ತು. ಆದರೆ ಸ್ವರ್ಣಕುಮಾರಿಯವರ ಯೋಚನೆ ಒಂದು ಹೆಜ್ಜೆ ಮುಂದಿತ್ತು. ನೆರವು ಪಡೆದ ಹುಡುಗಿ ಓದಿ ಶಿಕ್ಷಕಿಯಾಗಬೇಕು. ಅಂತಃಪುರಗಳ ಒಳಗೆ ಹೋಗಿ, ಹೊರಗೆ ಬರಲಾರದ ಹೆಂಗಸರಿಗೆ ಪಾಠ ಹೇಳಬೇಕು. ಅದರಿಂದ ತನ್ನ ಅನ್ನವನ್ನು ತಾನೇ ದುಡಿಯಬೇಕು. ಇಂದು ಕೈ ಚಾಚಿದವಳು ನಾಳೆ ಇನ್ನೊಬ್ಬಳ ಕೈ ಹಿಡಿಯಬೇಕೆಂಬ ಏರ್ಪಾಡು ಇದು.

ಇದಕ್ಕೆಲ್ಲ ಹಣ ಬೇಕು. ಸದಸ್ಯೆಯರ ಚಂದಾದಿಂದ ಸಾಗುವ ಕೆಲಸವಲ್ಲ. ಆಗ ಹುಟ್ಟಿದ್ದೇ ಮಹಿಳಾ ಶಿಲ್ಪಮೇಳದ ಕಲ್ಪನೆ. ಢಾಕಾದಿಂದಲೂ ಶಾಂತಿಪುರದಿಂದಲೂ ಸೀರೆಗಳು, ಕೃಷ್ಣನಗರ ಮತ್ತು ಬೀರಭೂಮಿಯಿಂದ ಕರಕುಶಲ ವಸ್ತುಗಳು, ಬಂಗಾಳದ ಹೊರಗಿನಿಂದ ಕಾಶ್ಮೀರ, ಮೊರಾದಾಬಾದ್, ಕಾಶಿ, ಆಗ್ರಾ, ಜಯಪುರ, ಮುಂಬಯಿಗಳ ಸಾಮಾನು ಎಲ್ಲವನ್ನೂ ತರಿಸಿ ಮಾರಾಟಕ್ಕಿಟ್ಟರು. ಸ್ವದೇಶಿ ಚಳವಳಿಗೆ ಇನ್ನೂ ಹದಿನೇಳು ವರ್ಷ ಬಾಕಿ ಇರುವಾಗಲೇ ದೇಶದ ಸಾಮಾನನ್ನು ದೇಶದ ಹೆಂಗಸರ ಮುಂದೆ ಹರಡಿದ ಸಂತೆಯಿದು.

ಆ ಮೇಳದ ಕಳಶದಂತೆ ಒಂದು ನಾಟಕವಿರಲೆಂದು ಬಯಸಿದವರು ಸರಲಾ ರಾಯ್. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದು ಮುಂದೆ ಅದರ ಮೊದಲ ಭಾರತೀಯ ಪ್ರಾಂಶುಪಾಲರಾದ ಪ್ರಸನ್ನಕುಮಾರ ರಾಯ್ ಅವರ ಪತ್ನಿ ಈಕೆ. ಹುಡುಗಿಯರೇ ಆಡಬಲ್ಲಂಥದನ್ನು ಬರೆದುಕೊಡಿ ಎಂದು ಆಕೆ ಕವಿಯನ್ನು ಕೇಳಿದರು. ರವೀಂದ್ರರಿಗೆ ಆಗ ಇಪ್ಪತ್ತೇಳು ವರ್ಷ. ಮೊದಲು ಬರೆದಿದ್ದ 'ನಲಿನಿ' ಎಂಬ ಚಿಕ್ಕ ಗದ್ಯನಾಟಕದ ಹೋಲಿಕೆಯಿಟ್ಟುಕೊಂಡು, ಆದಿಯಿಂದ ಅಂತ್ಯದವರೆಗೆ ಹಾಡುಗಳಿಂದಲೇ ತುಂಬಿದ 'ಮಾಯಾರ್ ಖೇಲಾ', ಎಂದರೆ ಮಾಯೆಯ ಆಟ, ರಚಿಸಿದರು. ಪುಸ್ತಕವನ್ನು ಸಮಿತಿಯೇ ಅಚ್ಚು ಹಾಕಿಸಿತು. ಕವಿ ಅದನ್ನು ಸರಲಾ ರಾಯ್ ಅವರಿಗೇ ಅರ್ಪಿಸಿದರು. 1888ರ ಡಿಸೆಂಬರ್ ಕೊನೆಯಲ್ಲಿ ಬೆಥೂನ್ ಕಾಲೇಜಿನಲ್ಲಿ ಅದು ರಂಗಕ್ಕೆ ಬಂತು.

ಆಡಿದವರೆಲ್ಲ ಹೆಂಗಸರು; ನೋಡಿದವರೂ ಹೆಂಗಸರೇ. ನಾಟಕದ ನಾಯಕ ಅಮರ, ಅವನ ಜೊತೆಗಾರರಾದ ಅಶೋಕ ಮತ್ತು ಕುಮಾರರ ಪಾತ್ರಗಳೂ ಹುಡುಗಿಯರ ಪಾಲಿಗೇ ಬಂದವು. ಮೈಸೂರಿನಲ್ಲಿ ಗಂಡಸು ಶಕುಂತಲೆಯಾಗುತ್ತಿದ್ದ ಕಾಲದಲ್ಲಿ ಕಲ್ಕತ್ತೆಯಲ್ಲಿ ಹುಡುಗಿ ಅಮರನಾದಳು! ತನ್ನನ್ನು ಪ್ರೀತಿಸುವ ಶಾಂತೆಯನ್ನು ಕಣ್ಣೆತ್ತಿ ನೋಡದೆ ಅಮರ ದೂರದ ಪ್ರಮದೆಯ ಬೆನ್ನು ಹತ್ತುತ್ತಾನೆ. ಪ್ರಮದೆ ಬಿಗುಮಾನದಿಂದ ಕಾಲ ಕಳೆಯುತ್ತಾಳೆ. ಕೊನೆಗೆ ಅವಳ ಮನಸ್ಸು ಕರಗುವ ಹೊತ್ತಿಗೆ ಅವನು ಶಾಂತೆಯ ಕಡೆಗೆ ತಿರುಗಿರುತ್ತಾನೆ. ಈ ಆಟವನ್ನೆಲ್ಲ ಆಡಿಸುವವರು ಮಾಯಾಕುಮಾರಿಯರು. ನಾಟಕವೆಂಬ ದಾರದಲ್ಲಿ ಹಾಡುಗಳನ್ನು ಪೋಣಿಸಿದ ಹಾಗೆ ಇದೆ ಇದು ಎಂದು ಕವಿಯೇ ಮುಂದೆ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ನಿರ್ದೇಶನದ ಪಾಡು ಬಲ್ಲ ನಮಗೆ ಇಲ್ಲೊಂದು ಮಾತು ತಟ್ಟನೆ ಅರ್ಥವಾಗುತ್ತದೆ. ಮಾತು ಮರೆತರೆ ತೋಚಿದ್ದನ್ನು ಹೇಳಿ ದಾಟಿಸಬಹುದು. ಹಾಡು ಮರೆತರೆ ದಾಟಲಾಗದು. ಹಾಡುಗಳೇ ತುಂಬಿರುವ ನಾಟಕವನ್ನು, ಹಿಂದೆಂದೂ ಪರರ ಮುಂದೆ ದನಿಯೆತ್ತದ ಹುಡುಗಿಯರು ಕಲಿತು ಒಪ್ಪಿಸಬೇಕಾದರೆ ಎಷ್ಟು ದಿನಗಳ ಅಭ್ಯಾಸ ಬೇಕಾದೀತು! ಆ ಅಭ್ಯಾಸದ ದಿನಗಳಲ್ಲಿ ಆ ಹುಡುಗಿಯರು ಕಲಿತದ್ದು ಹಾಡನ್ನಷ್ಟೇ ಆಗಿರಲಾರದು. ಇನ್ನೊಬ್ಬಳಿಗಾಗಿ ಕಾಯುವುದು, ತನ್ನ ಸರದಿ ಬಂದಾಗ ಹಿಂಜರಿಯದಿರುವುದು, ಹತ್ತು ಮಂದಿಯ ಕೆಲಸವನ್ನು ಒಂದಾಗಿಸುವುದು ಇವು ಮನೆಯ ಒಳಕೋಣೆ ಕಲಿಸುವ ಪಾಠಗಳಲ್ಲ.

ಆ ಮೇಳದಲ್ಲಿ ಕೂಡಿದ ಹಣ ಖರ್ಚಾಗಿ ಹೋಯಿತು. ಆದರೆ ಮೇಳವನ್ನು ನಡೆಸಿದವರು ಮುಂದೇನು ಮಾಡಿದರೆಂಬುದನ್ನು ನೋಡಿ. ಸ್ವರ್ಣಕುಮಾರಿಯವರು 1890ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಕಾದಂಬಿನಿ ಗಂಗೂಲಿಯವರೊಡನೆ ಪ್ರತಿನಿಧಿಯಾಗಿ ಹೋದರು. ಅವರ ಹಿರಿಯ ಮಗಳು ಹಿರಣ್ಮಯೀ ದೇವಿ, ಸಖೀ ಸಮಿತಿ ಸೊರಗಿದ ಮೇಲೆ ಅದರ ಕೆಲಸವನ್ನು ಮುಂದುವರಿಸಿ 1906ರಲ್ಲಿ ವಿಧವೆಯರಿಗಾಗಿ ಶಿಲ್ಪಾಶ್ರಮವನ್ನು ತೆರೆದರು. ನಾಟಕ ಬರೆಸಿದ ಸರಲಾ ರಾಯ್ 1920ರಲ್ಲಿ ಗೋಖಲೆ ಸ್ಮಾರಕ ಬಾಲಿಕಾ ಶಾಲೆಯನ್ನು ಸ್ಥಾಪಿಸಿದರು. ಅದು ಭವಾನೀಪುರದ ಕಡೆ ಓಡಾಡುವ ನಮ್ಮವರೆಲ್ಲ ಕಂಡಿರುವ ಶಾಲೆಯೇ. ಮೇಳದ ಚಪ್ಪರವನ್ನು ಬಿಚ್ಚಿದ ಮೇಲೆಯೂ ಅದನ್ನು ಕಟ್ಟಲು ಕಲಿತ ಕೈಗಳು ಉಳಿದವು.

ಬಂಗಾಳದ ಹುಡುಗಿ ಮೈಸೂರಿಗೆ

ಈಗ ನಮ್ಮ ನಾಡಿನ ಎಳೆಗೆ ಬರೋಣ. ಸ್ವರ್ಣಕುಮಾರಿಯವರ ಕಿರಿಯ ಮಗಳು ಸರಳಾ. (ಸರಲಾ ರಾಯ್ ಬೇರೆ, ಈ ಸರಳಾ ಬೇರೆ.) 1872ರಲ್ಲಿ ಹುಟ್ಟಿದ ಈಕೆ ಮೇಳ ನಡೆದಾಗ ಹದಿನಾರು ವರ್ಷದ ಹುಡುಗಿ, ಅದೇ ಬೆಥೂನ್ ಕಾಲೇಜಿನ ವಿದ್ಯಾರ್ಥಿನಿ. ತಾಯಿಯ ಸಮಿತಿಯ ಓಡಾಟವನ್ನೂ, ಸೋದರಮಾವನ ಹಾಡುಗಳನ್ನೂ ಉಸಿರಾಡುತ್ತ ಬೆಳೆದವಳು. 1890ರಲ್ಲಿ ಇಂಗ್ಲಿಷ್ ಆನರ್ಸ್‌ನೊಂದಿಗೆ ಬಿ.ಎ. ಮುಗಿಸಿ ಪದ್ಮಾವತಿ ಪದಕವನ್ನು ಗಳಿಸಿದಳು. ಅನುಕೂಲಸ್ಥರ ಮನೆ, ಉದ್ಯೋಗದ ಅಗತ್ಯವೇ ಇರಲಿಲ್ಲ. ಆದರೂ ಗಂಡುಮಕ್ಕಳಂತೆ ತಾನೂ ಮನೆಬಿಟ್ಟು ಸ್ವಂತ ದುಡಿಮೆಯಿಂದ ಬದುಕಬೇಕೆಂಬ ಹಠ. ಹಾಗೆ ಹುಡುಕಿಕೊಂಡದ್ದು ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆಯ ಉಪಾಧ್ಯಾಯಿನಿಯ ಕೆಲಸವನ್ನು. 1895ರಲ್ಲಿ ಆಕೆ ಮೈಸೂರಿಗೆ ಹೋದಳು.

ಆ ಶಾಲೆಯನ್ನು 1881ರಲ್ಲಿ ಅರಮನೆಯ ಬಕ್ಷಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಮಹಾರಾಣಿಯವರ ಪೋಷಣೆಯಲ್ಲಿ ಪ್ರಾರಂಭಿಸಿದ್ದರು. ಇಲ್ಲಿ ಕಲ್ಕತ್ತೆಯ ಕನ್ನಡಿಗರು ಒಂದು ನಿಮಿಷ ನಿಲ್ಲಬೇಕು. ಲೇಕ್ ಮಾರ್ಕೆಟ್ಟಿಗೆ ಮಲ್ಲಿಗೆಯೋ ಬಾಳೆ ಎಲೆಯೋ ಕಾಫಿಪುಡಿಯೋ ತರಲು ಹೋದಾಗ ನಾವೆಲ್ಲ ಕೇವಡಾತಲಾ ಸ್ಮಶಾನಘಟ್ಟದ ಹಾದಿಯಲ್ಲಿ ನಮ್ಮ ಕಡೆಯ ಗೋಪುರದಂಥ ಕಟ್ಟಡವೊಂದನ್ನು ಕಂಡಿದ್ದೇವೆ. ಆದಿಗಂಗೆಯ ದಡದಲ್ಲಿರುವ ಅದು ಮೈಸೂರು ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ ಸ್ಮಾರಕ. ಈ ಊರಿಗೆ ಬಂದಿದ್ದಾಗ ಗಂಟಲುಮಾರಿ ತಗುಲಿ 1894ರ ಡಿಸೆಂಬರ್ 28ರಂದು ಅವರು ತೀರಿಕೊಂಡರು. ಇನ್ನೂ ಮೂವತ್ತೊಂದು ವರ್ಷ. ಮೈಸೂರಿನಲ್ಲಿ ಮಗ ನಾಲ್ವಡಿ ಕೃಷ್ಣರಾಜರು ಹತ್ತು ವರ್ಷದ ಬಾಲಕ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ 1902ರವರೆಗೆ ರಾಜ್ಯಭಾರದ ಹೊಣೆ ಹೊತ್ತರು. ಮೈಸೂರಿನ ದೊರೆಯನ್ನು ಕಲ್ಕತ್ತೆ ಉಳಿಸಿಕೊಂಡ ಮರುವರ್ಷವೇ ಕಲ್ಕತ್ತೆಯ ಪದವೀಧರೆಯೊಬ್ಬಳು ಆ ವಿಧವೆ ಮಹಾರಾಣಿಯ ಹೆಸರಿನ ಶಾಲೆಯಲ್ಲಿ ನಮ್ಮ ಹುಡುಗಿಯರಿಗೆ ಪಾಠ ಹೇಳುತ್ತ ನಿಂತಳು. ಸ್ಮಶಾನದ ಬದಿಯ ಆ ಗೋಪುರವನ್ನು ನೋಡಿದಾಗಲೆಲ್ಲ ನಮಗೆ ಇವೆರಡೂ ಒಟ್ಟಿಗೆ ನೆನಪಾಗುತ್ತವೆ.

ಆದರೆ ಸರಳಾ ಹೆಚ್ಚು ಕಾಲ ಅಲ್ಲಿ ನಿಲ್ಲಲಾಗಲಿಲ್ಲ. ಒಂಟಿ ಹೆಣ್ಣು, ಪರಸ್ಥಳ. ಒಂದು ರಾತ್ರಿ ಯುವಕನೊಬ್ಬ ಆಕೆಯ ಮನೆಯೊಳಗೆ ನುಗ್ಗಿದ. ಅಪಾಯವೇನೋ ತಪ್ಪಿತು, ಆದರೆ ಸುದ್ದಿ ಕಲ್ಕತ್ತೆಗೆ ಮುಟ್ಟಿತು. ಅಲ್ಲಿನ ಪತ್ರಿಕೆ ಆ ಯುವಕನನ್ನು ಬಿಟ್ಟು, ಅನುಕೂಲಸ್ಥರ ಮನೆಯ ಹೆಣ್ಣು ಉದ್ಯೋಗಕ್ಕೆಂದು ಅಷ್ಟು ದೂರ ಹೋದದ್ದನ್ನೇ ಆಡಿಕೊಂಡಿತು. ಆಕೆ ಹಿಂದಿರುಗಿದಳು. ಮನೆಗೆ ನುಗ್ಗಿದವನು ನಮ್ಮ ನಾಡಿನವನು. ಆಡಿಕೊಂಡವರು ಆಕೆಯ ನಾಡಿನವರು. ಈ ವಿಷಯದಲ್ಲಿ ಎರಡು ನಾಡುಗಳಲ್ಲಿ ಯಾವುದೂ ಇನ್ನೊಂದಕ್ಕೆ ಬುದ್ಧಿ ಹೇಳುವ ಹಾಗಿಲ್ಲ. ಹೆಣ್ಣುಮಕ್ಕಳನ್ನು ಓದಿಸಬೇಕೆನ್ನುವವರು, ಓದಿದವಳು ದುಡಿಯಲು ಹೋದ ಊರಿನಲ್ಲಿ ನೆಮ್ಮದಿಯಿಂದ ನಿದ್ದೆ ಮಾಡಬಲ್ಲಳೇ ಎಂಬುದನ್ನೂ ಕೇಳಬೇಕೆಂದು ಈ ಪ್ರಸಂಗ ಹೇಳುತ್ತದೆ. ತಾಲೀಮು ಮುಗಿದ ಮೇಲೆ ಯಾರು ಯಾರನ್ನು ಮನೆ ಮುಟ್ಟಿಸುತ್ತಾರೆಂಬ ಪಟ್ಟಿಯನ್ನು ನಾವು ಎಲ್ಲಕ್ಕಿಂತ ಮೊದಲು ಬರೆಯುವುದು ಇದೇ ಕಾರಣಕ್ಕೆ.

ಸರಳಾ ಬರಿಗೈಯಲ್ಲಿ ಮರಳಲಿಲ್ಲ. ಸಂಗೀತದ ಮರುಳು ಹಿಡಿದಿದ್ದ ಆಕೆ ಹೋದ ಕಡೆಯಲ್ಲೆಲ್ಲ ಮಟ್ಟುಗಳನ್ನು ಆಯ್ದುಕೊಳ್ಳುತ್ತಿದ್ದಳು. ಮೈಸೂರಿನಲ್ಲಿ ಕೇಳಿದ ಮಟ್ಟುಗಳನ್ನು ಸೋದರಮಾವ ರವೀಂದ್ರರ ಮುಂದಿಟ್ಟೆನೆಂದೂ, ಅವರು ಅವಕ್ಕೆ ತಮ್ಮ ಮಾತುಗಳನ್ನು ಕೂಡಿಸಿದರೆಂದೂ ತನ್ನ ಆತ್ಮಕಥೆ 'ಜೀವನೇರ್ ಝರಾಪಾತಾ'ದಲ್ಲಿ ಆಕೆ ಬರೆದಿದ್ದಾಳೆ. 'ಆನಂದಲೋಕೇ ಮಂಗಲಾಲೋಕೇ', 'ಏ ಕೀ ಲಾವಣ್ಯೇ ಪೂರ್ಣ ಪ್ರಾಣ' ಮೊದಲಾದವು ಹಾಗೆ ಹುಟ್ಟಿದ ಹಾಡುಗಳೆಂದು ಆಕೆಯ ಹೇಳಿಕೆ. ಬಂಗಾಳದ ಸಭೆ ಸಮಾರಂಭಗಳಲ್ಲಿ ಇವನ್ನು ಕೇಳದವರಿಲ್ಲ. ನಮ್ಮ ಮಕ್ಕಳೂ ಇಲ್ಲಿನ ಶಾಲೆಗಳಲ್ಲಿ ಹಾಡಿದ್ದಾರೆ. ಮನೆಯಲ್ಲಿ ಅದನ್ನು ಗುನುಗುವ ಮೊಮ್ಮಗಳನ್ನು ಅಜ್ಜಿ "ಇದೇನೇ, ನಮ್ಮ ಕಡೆ ಭಜನೆ ಕೇಳಿದ ಹಾಗಿದೆ" ಎಂದರೆ, ಅಜ್ಜಿಯ ಕಿವಿ ಸುಳ್ಳು ಹೇಳುತ್ತಿಲ್ಲ.

ಮುಂದೆ ಸರಳಾದೇವಿ ಚೌಧುರಾಣಿ ಎಂದು ಖ್ಯಾತಳಾದ ಆಕೆ 1900ರಲ್ಲಿ ನೂರು ಹಾಡುಗಳ ಸ್ವರಲಿಪಿಯ 'ಶತಗಾನ'ವನ್ನು ಪ್ರಕಟಿಸಿದಳು; ಹೆಂಗಸರ ಕೈಕೆಲಸವನ್ನು ಮಾರುವ 'ಲಕ್ಷ್ಮೀರ್ ಭಾಂಡಾರ್' ಅಂಗಡಿಯನ್ನು ತೆರೆದಳು; 1910ರಲ್ಲಿ ಅಲಹಾಬಾದಿನಲ್ಲಿ, ಮನೆಗಳಿಗೇ ಹೋಗಿ ಹೆಂಗಸರಿಗೆ ಓದು ಕಲಿಸುವ ಉದ್ದೇಶದಿಂದ ಭಾರತ ಸ್ತ್ರೀ ಮಹಾಮಂಡಲವನ್ನು ಸ್ಥಾಪಿಸಿದಳು. ತಾಯಿಯ ಸಖೀ ಸಮಿತಿಯ ಬೀಜ ಮಗಳ ಕೈಯಲ್ಲಿ ದೇಶದಗಲ ಹರಡಲು ಹವಣಿಸಿತು.

ಗಾಂಧೀಜಿಯವರ ಅರವತ್ತು ಸಾವಿರ

ನಮ್ಮನ್ನು ಪ್ರಶ್ನಿಸಿದ ತಾಯಿ ಒಬ್ಬಂಟಿಯಲ್ಲ. ಆಕೆಯ ಪ್ರಶ್ನೆಯನ್ನು ಹೋಲುವ ಮಾತನ್ನು ಸ್ವತಃ ಮಹಾತ್ಮಾ ಗಾಂಧಿಯವರೇ ರವೀಂದ್ರರ ಮುಂದಿಟ್ಟಿದ್ದರು. ಅದನ್ನು ಹೇಳುವ ಮೊದಲು ನಡುವಿನ ಒಂದು ಘಟನೆ.

1888ರಲ್ಲಿ ಹೆಂಗಸರ ಮುಂದೆ ಮಾತ್ರ ಆಡಲಾಗಿದ್ದ ಕುಲೀನ ಹುಡುಗಿಯರ ಆಟ, ಗಂಡಸರೂ ಹೆಂಗಸರೂ ಕೂಡಿದ ಸಭೆಯ ಮುಂದೆ ನೃತ್ಯವಾಗಿ ಬರಲು ಮೂವತ್ತೆಂಟು ವರ್ಷ ಹಿಡಿಯಿತು. 1926ರಲ್ಲಿ ರವೀಂದ್ರರು ಶಾಂತಿನಿಕೇತನದ ಹುಡುಗಿಯರಿಗಾಗಿ 'ನಟೀರ್ ಪೂಜಾ' ಬರೆದರು. ಬುದ್ಧನ ಪೂಜೆಗೆ ರಾಜಾಜ್ಞೆಯ ತಡೆಯಿದ್ದಾಗ, ಸ್ತೂಪದ ಎದುರು ಕುಣಿದು ಅದನ್ನು ಅಪವಿತ್ರಗೊಳಿಸೆಂದು ಆಸ್ಥಾನದ ನರ್ತಕಿ ಶ್ರೀಮತಿಗೆ ಅಪ್ಪಣೆಯಾಗುತ್ತದೆ. ಅವಳು ಒಡವೆಗಳನ್ನು ಒಂದೊಂದಾಗಿ ಕಳಚುತ್ತ ಆ ಕುಣಿತವನ್ನೇ ಪೂಜೆಯಾಗಿಸಿ ಪ್ರಾಣ ಕೊಡುತ್ತಾಳೆ. ಶ್ರೀಮತಿಯಾದವಳ ಹೆಸರು ಗೌರಿ, ಚಿತ್ರಕಾರ ನಂದಲಾಲ ಬಸು ಅವರ ಮಗಳು. ಮೊದಲ ಬರವಣಿಗೆಯಲ್ಲಿ ಒಂದೂ ಗಂಡು ಪಾತ್ರವಿರಲಿಲ್ಲ. 1927ರ ಜನವರಿಯಲ್ಲಿ ಅದನ್ನು ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಆಡುವಾಗ ಕವಿ ಉಪಾಲಿ ಎಂಬ ಭಿಕ್ಷುವಿನ ಪಾತ್ರವೊಂದನ್ನು ಸೇರಿಸಿ, ಅರವತ್ತೈದರ ವಯಸ್ಸಿನಲ್ಲಿ ತಾವೇ ಅದನ್ನು ವಹಿಸಿದರು. ಬರಬಹುದಾದ ಕಲ್ಲೇಟು ಮೊದಲು ತಮಗೆ ತಗುಲಲೆಂದು, ಹುಡುಗಿಯರೊಡನೆ ತಾವೂ ರಂಗದ ಮೇಲಿದ್ದರು. ನಿರ್ದೇಶಕ ಎಲ್ಲಿ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ದೊರೆತಿಲ್ಲ.

ಹತ್ತು ವರ್ಷ ಕಳೆಯುವಷ್ಟರಲ್ಲಿ ವಿಶ್ವಭಾರತಿ ಸಾಲದಲ್ಲಿ ಸಿಕ್ಕಿಕೊಂಡಿತು. 1936ರ ಮಾರ್ಚ್‌ನಲ್ಲಿ ಕಲ್ಕತ್ತೆಯ ನ್ಯೂ ಎಂಪೈರಿನಲ್ಲಿ 'ಚಿತ್ರಾಂಗದಾ' ನೃತ್ಯನಾಟಕವನ್ನು ಆಡಿಸಿ, ಎಪ್ಪತ್ತನಾಲ್ಕರ ಕವಿ ಅದೇ ತಂಡದೊಡನೆ ಉತ್ತರ ಭಾರತದ ಪ್ರವಾಸ ಹೊರಟರು. ದಿಲ್ಲಿಯಲ್ಲಿ ಗಾಂಧೀಜಿಯವರಿಗೆ ಇದು ಸಹಿಸಲಿಲ್ಲ. ಈ ವಯಸ್ಸಿನಲ್ಲಿ, ಈ ಆರೋಗ್ಯದಲ್ಲಿ, ಹಣಕ್ಕಾಗಿ ಕವಿ ಊರೂರು ಅಲೆಯುವುದೇ? ಕೊರತೆಯಿದ್ದ 60,000 ರೂಪಾಯಿಗಳನ್ನು ಹೆಸರು ಹೇಳದ ದಾನಿಯಿಂದ ಕೊಡಿಸಿ, ಇನ್ನು ಪ್ರವಾಸ ಸಾಕು ಎಂದರು. ದುಡ್ಡೇ ಬೇಕಾದರೆ ಕೊಟ್ಟುಬಿಡೋಣ ಎಂದು ನಮ್ಮ ಸಂಘದ ತಾಯಿ ಹೇಳಿದ್ದರಲ್ಲ, ಅದೇ ಕಾಳಜಿ, ಅದೇ ತರ್ಕ. ಕವಿ ಕೃತಜ್ಞತೆಯಿಂದ ಸ್ವೀಕರಿಸಿದರು. ಮುಂದಿನ ಪ್ರವಾಸವನ್ನು ಕೈಬಿಟ್ಟರು.

ಆದರೆ ಕುಣಿತ ನಿಂತಿತೇ? ಇಲ್ಲ. 1938ರ ಮಾರ್ಚ್‌ನಲ್ಲಿ ಕಲ್ಕತ್ತೆಯ ಛಾಯಾ ಚಿತ್ರಮಂದಿರದಲ್ಲಿ 'ಚಂಡಾಲಿಕಾ', 1939ರ ಫೆಬ್ರುವರಿಯಲ್ಲಿ ಶ್ರೀ ಚಿತ್ರಮಂದಿರದಲ್ಲಿ 'ಶ್ಯಾಮಾ' ಬಂದವು. ಅಷ್ಟೇ ಅಲ್ಲ, ಐವತ್ತು ವರ್ಷ ಹಿಂದೆ ಸಖೀ ಸಮಿತಿಯ ಹುಡುಗಿಯರಿಗಾಗಿ ಬರೆದ ಅದೇ 'ಮಾಯಾರ್ ಖೇಲಾ'ವನ್ನು ನೃತ್ಯನಾಟಕವಾಗಿ ತಿದ್ದಿ ಬರೆಯಲು 1938ರಲ್ಲಿ ಕೈಹಾಕಿದರು. ಹಣದ ಕೊರತೆ ತುಂಬಿದ ಮೇಲೆಯೂ ಆಟ ಉಳಿಯಿತೆಂದರೆ, ಆಟ ಹಣಕ್ಕಾಗಿ ಮಾತ್ರ ಇರಲಿಲ್ಲವೆಂದೇ ಅರ್ಥ. ಗಾಂಧೀಜಿ ಹೇಳಿದ್ದು ಸರಿ: ಮುದುಕನನ್ನು ಹಣಕ್ಕಾಗಿ ಅಲೆಸಬಾರದು. ರವೀಂದ್ರರು ಮಾಡಿದ್ದೂ ಸರಿ: ಹುಡುಗಿಯರಿಂದ ರಂಗವನ್ನು ಕಸಿಯಬಾರದು.

ನಾವು ಕಲಿತದ್ದು, ತಿದ್ದಿಕೊಂಡದ್ದು

ಇಷ್ಟೆಲ್ಲ ಓದಿದ ಮೇಲೆ ಆ ತಾಯಿಯ ಪ್ರಶ್ನೆಗೆ ನಾವೀಗ ಉತ್ತರ ಕೊಡಬಲ್ಲೆವು. ಹಣ ಕೂಡಿಸುವುದಕ್ಕೆ ಕಾರ್ಯಕ್ರಮ ಒಳ್ಳೆಯ ದಾರಿಯಲ್ಲ. ಮನೆಗಿಷ್ಟು ಎಂದು ಹಾಕುವುದು ಸುಲಭ, ಲಾಭವೂ ಹೆಚ್ಚು. ಆ ಪೆಟ್ಟಿಗೆಯನ್ನೂ ಇಡೋಣ. ಆದರೆ ವಿದ್ಯಾನಿಧಿ ಓದುವ ಹುಡುಗಿಗೆ ಶುಲ್ಕವನ್ನು ಕೊಡಬಲ್ಲದು, ದನಿಯನ್ನು ಕೊಡಲಾರದು. ದನಿ ಬರುವುದು ಹತ್ತು ಮಂದಿಯ ಮುಂದೆ ನಿಂತಾಗ. ಹಾಗೆಯೇ, ನಾಳೆ ಈ ನಿಧಿಯನ್ನು ಯಾರು ನಡೆಸುತ್ತಾರೆ ಎಂಬ ಪ್ರಶ್ನೆಗೂ ಉತ್ತರ ಬೇಕು. ಸಖೀ ಸಮಿತಿಯ ಮೇಳ ನಡೆಸಿದವರು ಶಾಲೆ ಕಟ್ಟುವವರಾದರು. ನಮ್ಮ ತಾಲೀಮಿನ ಕೋಣೆಯಿಂದಲೂ ಅಂಥ ಒಬ್ಬಳಾದರೂ ಹೊರಡಲಿ ಎಂಬುದು ನಮ್ಮ ಆಸೆ.

ಈ ಓದು ನಮ್ಮ ತಪ್ಪನ್ನೂ ನಮಗೆ ತೋರಿಸಿತು. ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮದ ಕೊನೆಯಲ್ಲಿ ನಿಧಿಯಿಂದ ಸಹಾಯ ಪಡೆದ ಹುಡುಗಿಯನ್ನು ವೇದಿಕೆಗೆ ಕರೆದು, ಹೆಸರು ಹೇಳಿ, ಲಕೋಟೆ ಕೊಡಿಸಿದೆವು. ಫೋಟೋ ತೆಗೆಸಿದೆವು. ಅವಳ ವಾರಗೆಯ ಹುಡುಗಿಯರು ಜರಿಯುಟ್ಟು ಪಕ್ಕದಲ್ಲಿ ನಿಂತಿದ್ದರು. ಅವಳು ತಲೆ ಎತ್ತಲಿಲ್ಲ. ಆ ಫೋಟೋವನ್ನು ಈಗ ನೋಡಲು ನಮಗೆ ಮನಸ್ಸಾಗುವುದಿಲ್ಲ. ಕುಣಿಯುವವಳು ಕೊಡುವವಳು, ಓದುವವಳು ಬೇಡುವವಳು ಎಂಬ ಗೆರೆಯನ್ನು ಆ ದಿನ ನಾವೇ ಎಳೆದೆವು. ಸ್ವರ್ಣಕುಮಾರಿಯವರ ಏರ್ಪಾಡಿನಲ್ಲಿ ನೆರವು ಪಡೆದವಳು ನಾಳೆಯ ಶಿಕ್ಷಕಿ. ನಮ್ಮ ವೇದಿಕೆಯಲ್ಲಿ ಅವಳು ಬರೀ ಫಲಾನುಭವಿಯಾದಳು.

ಆದ್ದರಿಂದ ಈ ವರ್ಷ ಕೆಲವು ಬದಲಾವಣೆ ಮಾಡಿದ್ದೇವೆ. ಸಹಾಯ ಪಡೆಯುವವರ ಹೆಸರನ್ನು ವೇದಿಕೆಯಲ್ಲಾಗಲಿ ಸ್ಮರಣಸಂಚಿಕೆಯಲ್ಲಾಗಲಿ ಹೇಳುವುದಿಲ್ಲ. ಹಣ ಸದ್ದಿಲ್ಲದೆ ಸೇರಬೇಕಾದಲ್ಲಿಗೆ ಸೇರುತ್ತದೆ. ಅವರಲ್ಲಿ ಹಾಡಬಲ್ಲವಳು ಹಾಡುತ್ತಾಳೆ, ಕುಣಿಯಬಲ್ಲವಳು ಕುಣಿಯುತ್ತಾಳೆ. ಯಾರು ಯಾರೆಂದು ಸಭೆಗೆ ತಿಳಿಯಬೇಕಾಗಿಲ್ಲ. ಟಿಕೆಟ್ಟಿನ ಲೆಕ್ಕ, ಸಭಾಂಗಣದವರೊಡನೆ ಮಾತುಕತೆ, ಜಾಹೀರಾತಿನ ಓಡಾಟ ಇವನ್ನೆಲ್ಲ ದೊಡ್ಡ ಹುಡುಗಿಯರ ಕೈಗೇ ಒಪ್ಪಿಸಿ ನಾವು ಹಿಂದೆ ನಿಲ್ಲುತ್ತೇವೆ. ತಪ್ಪಾದರೆ ಬೈಗುಳ ನಮಗಿರಲಿ. ತಾಲೀಮು ಭಾನುವಾರ ಬೆಳಿಗ್ಗೆ ಮಾತ್ರ. ಊಟದ ಹೊತ್ತಿಗೆ ಮಕ್ಕಳು ಮನೆಯಲ್ಲಿರುತ್ತಾರೆ.

ಕಾರ್ಯಕ್ರಮದ ಪ್ರಾರಂಭದಲ್ಲಿ ಎಂದಿನಂತೆ ದಾಸರ ಪದವೊಂದಿರುತ್ತದೆ. ಅದರ ಬೆನ್ನಿಗೇ ಈ ಸಲ ನಮ್ಮ ಹುಡುಗಿಯರು 'ಆನಂದಲೋಕೇ' ಹಾಡಲಿದ್ದಾರೆ. ಒಂಟಿ ಹೆಣ್ಣೊಬ್ಬಳು ಮೈಸೂರಿನಲ್ಲಿ ಕೇಳಿ, ನೊಂದು ಮರಳುವಾಗಲೂ ಮರೆಯದೆ ಕಲ್ಕತ್ತೆಗೆ ತಂದುಕೊಟ್ಟೆನೆಂದು ಬರೆದಿಟ್ಟ ಮಟ್ಟು ಅದು. ಪ್ರಶ್ನೆ ಕೇಳಿದ ಆ ತಾಯಿ ಮಗಳನ್ನು ಕಳುಹಿಸಲು ಒಪ್ಪಿದ್ದಾರೆ. ತಾವೂ ಬಂದು ಶ್ರುತಿ ಹಿಡಿಯುತ್ತೇನೆಂದಿದ್ದಾರೆ. ಉಳಿದ ಮನೆಗಳವರೂ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇವೆ.